ಎಲೆ ಮೊದಲು ಬಂದ ಊರು

ಮನೆಯಲ್ಲಿ ಅಡಿಗೆಮನೆಯೇ ಇರಲಿಲ್ಲ. ಬ್ಯಾಂಕಾಕಿಗೆ ಬಂದಿಳಿದ ದಿನ ಮರದ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದವಳು ಇದ್ದಬದ್ದ ಬಾಗಿಲನ್ನೆಲ್ಲ ತೆಗೆದು ನೋಡಿದೆ. ಒಂದರ ಹಿಂದೆ ಬಚ್ಚಲು, ಇನ್ನೊಂದರ ಹಿಂದೆ ಬಟ್ಟೆ ಒಣಹಾಕುವ ಜಾಗ. ಹೊನ್ನಾಳಿಯಿಂದ ಜೋಪಾನವಾಗಿ ತಂದಿದ್ದ ರೊಟ್ಟಿ ಹಂಚನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ.

“ಅಡಿಗೆ ಎಲ್ಲಿ ಮಾಡೋದ್ರೀ?” ಅಂದೆ.

ನಮ್ಮನೆಯವರು ಕಿಟಕಿಯ ಕಡೆ ಕೈ ತೋರಿಸಿದರು. “ಮರದ ಮನೆ ಗಿರಿಜಾ, ಸ್ಟೌ ಹಚ್ಚಂಗಿಲ್ಲ ಅಂತ ಮನೆ ಮಾಲೀಕರು ಮೊದಲೇ ಹೇಳಿದಾರೆ. ಇಲ್ಲಿ ಎಷ್ಟೋ ಜನ ಮನೇಲಿ ಮಾಡೋದೇ ಇಲ್ಲ. ಕೆಳಗೆ ನೋಡು, ಬೀದಿ ತುಂಬ ಊಟಾನೇ ಐತೆ.”

ಬಗ್ಗಿ ನೋಡಿದೆ. ಸಂಜೆಯ ಹೊತ್ತು. ಬೀದಿಯ ಎರಡೂ ಬದಿಗೆ ತಳ್ಳುಗಾಡಿ, ಇದ್ದಿಲ ಒಲೆ, ಹೊಗೆ, ಬಾಣಲೆಗೆ ಸೌಟು ಬಡಿಯುವ ಸದ್ದು. ಪುಟ್ಟ ಸ್ಟೂಲುಗಳ ಮೇಲೆ ಕೂತು ಉಣ್ಣುತ್ತಿದ್ದವರಲ್ಲಿ ಅರ್ಧಕ್ಕರ್ಧ ಹೆಂಗಸರು. ಆಫೀಸು ಬಿಟ್ಟ ಹುಡುಗಿಯರು, ಒಬ್ಬ ಬಸುರಿ, ಯಾರ ಜೊತೆಯೂ ಇಲ್ಲದೆ ತಾವಾಗಿ ಬಂದು ಕೂತ ಅಜ್ಜಿಯರು. ಗಂಡಸರ ಎದುರಿಗೇ ಆರಾಮಾಗಿ ಉಣ್ಣುತ್ತಿದ್ದರು, ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಹೆದರಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಆಸೆಯೂ ಆಯಿತು.

ಆಸೆ ಯಾಕೆ ಅಂತ ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೊನ್ನಾಳಿ ಬಿಟ್ಟಾಗ ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹೆಂಗಸರು ಕೂರಬೇಕೆಂದರೆ ಒಳಗೆ ಪರದೆ ಬಿಟ್ಟ ಫ್ಯಾಮಿಲಿ ರೂಮು. ದೋಸೆ ಹುಯ್ಯುವ ಚುಂಯ್ ಸದ್ದು ಕೇಳುತ್ತಿತ್ತೇ ಹೊರತು ಹಂಚು ಕಾಣುತ್ತಿರಲಿಲ್ಲ. ನಮ್ಮವ್ವನಂತೂ ಆ ಪರದೆಯ ಒಳಗೂ ಕಾಲಿಟ್ಟವಳಲ್ಲ. ದಾವಣಗೆರೆಗೆ ಜವಳಿ ತರಲು ಹೋದರೂ ಮರದ ನೆರಳು ಹುಡುಕಿ ಬುತ್ತಿಗಂಟು ಬಿಚ್ಚುವವಳೇ. ಬೀದಿಯಲ್ಲಿ, ಬಯಲಲ್ಲಿ, ನನಗೆ ಬೇಕಾದ್ದನ್ನು ನಾನೇ ಬಾಯಿಬಿಟ್ಟು ಕೇಳಿ ಉಣ್ಣುವುದು ಅಂದರೆ ನನಗೆ ಜಾತ್ರೆಗಿಂತ ದೊಡ್ಡ ಸಂಭ್ರಮ.

ಆದರೆ ಉಣ್ಣುವುದು ಏನನ್ನು? ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಇಲ್ಲಿ ಸೊಪ್ಪಿನ ಪಲ್ಯಕ್ಕೂ ನಾಮ್ ಪ್ಲಾ ಬೀಳುತ್ತದೆ. ನಾಮ್ ಪ್ಲಾ ಅಂದರೆ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ನೀರು. ನಮಗೆ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ. ಗಾಡಿಯಿಂದ ತಂದ ಬಿಳಿ ಅನ್ನಕ್ಕೆ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ, ಬಾಳೆಹಣ್ಣು, ಬನ್ನು, ಇಷ್ಟರಲ್ಲೇ ದಿನ ನೂಕಿದೆ. ಚಟ್ನಿಪುಡಿಯ ಡಬ್ಬಿ ಬರಿದಾಗುತ್ತ ಬಂತು, ರವಿಕೆಗಳು ಸಡಿಲವಾದವು.

“ದೀಪಾವಳಿ ಹೊತ್ತಿಗೂ ಹಿಂಗೇ ಇದ್ರೆ ಊರಿಗೆ ಕಳಿಸಿಬಿಡ್ತೀನಿ ನೋಡು,” ಅಂದರು ಇವರು ಒಂದು ದಿನ. “ನಿಮ್ಮವ್ವನಿಗೆ ನಾನು ಹೆಂಗೆ ಮುಖ ತೋರಿಸ್ಲಿ?”

“ನಾ ಹೋಗಲ್ಲ.”

“ಮತ್ತೆ ಇಲ್ಲಿ ಉಪಾಸ ಬೀಳಾಕೆ ಬಂದೀಯಾ?”

ಗದರಿದ್ದಲ್ಲ, ಹೆದರಿ ಆಡಿದ ಮಾತು. ಇವರು ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ನೂಲುವ ಖಾತೆಯ ಸೂಪರ್‌ವೈಸರ್ ಆಗಿದ್ದರು. ಆ ಮಿಲ್ಲು ಕುಂಟತೊಡಗಿದಾಗ, ನಮ್ಮ ದೇಶದವರೇ ಬ್ಯಾಂಕಾಕಿನ ಹೊರಗೆ ನಡೆಸುತ್ತಿದ್ದ ಮಿಲ್ಲಿಗೆ ಕರಾರಿನ ಮೇಲೆ ಬಂದರು. ಮದುವೆಯಾಗಿ ನಾವು ಕೂಡಿ ಇದ್ದದ್ದಕ್ಕಿಂತ ಅಗಲಿ ಇದ್ದದ್ದೇ ಹೆಚ್ಚು. ಮತ್ತೆ ತವರಿನಲ್ಲಿ ಕೂತು ಇವರ ದಾರಿ ಕಾಯುವುದು ನನಗೆ ಬೇಡವಾಗಿತ್ತು. ನಿಜ ಹೇಳಬೇಕೆಂದರೆ ಆ ಕಿಟಕಿಯ ಕೆಳಗಿನ ಬೀದಿಯನ್ನು ಬಿಟ್ಟು ಹೋಗುವುದೂ ಬೇಡವಾಗಿತ್ತು.

ಮನೆ ಮಾಲೀಕರು ಕೆಳಗೇ ಇದ್ದರು. ಪಾ ನಿಮ್ ಅಂತ ಕರೆಯುತ್ತಿದ್ದೆವು. ಪಾ ಅಂದರೆ ದೊಡ್ಡಮ್ಮ. ಬೀದಿಯಲ್ಲಿ ಅನ್ನ ಮಾರುವವರನ್ನೂ ಇಲ್ಲಿ ಅಕ್ಕ, ದೊಡ್ಡಮ್ಮ ಅಂತಲೇ ಕರೆಯುತ್ತಾರೆ, ನಮ್ಮ ಸಂತೆಯಲ್ಲಿ ಕರೆದ ಹಾಗೆ. ಪಾ ನಿಮ್ ಮನೆಯ ಮುಂದೆ ಅನ್ನ, ಸಾರು ಇಟ್ಟು ಮಾರುತ್ತಿದ್ದರು. ಅಡಿಕೆ ಜಗಿದು ಜಗಿದು ಹಲ್ಲು ಕಪ್ಪಗಾಗಿತ್ತು. ಆ ಬಾಯಿ ನೋಡಿದರೆ ಚನ್ನಗಿರಿ ಕಡೆಯ ಯಾರದೋ ಮನೆಯ ಅಜ್ಜಿಯೇ ಅನ್ನಿಸುತ್ತಿತ್ತು.

ನನ್ನನ್ನು ಕಂಡಾಗಲೆಲ್ಲ ಅವರು “ಕಿನ್ ಖಾವ್ ರು ಯಾಂಗ್?” ಅನ್ನುವರು. ‘ಅನ್ನ ಉಂಡೆಯೋ, ಇನ್ನೂ ಇಲ್ಲವೋ’ ಅಂತ. ನಮ್ಮ “ಊಟ ಆತೇನ್ರಿ?” ಇದ್ದ ಹಾಗೇ. ಅದಕ್ಕೆ ನಾನು “ಕಿನ್ ಲೇವ್” ಅನ್ನುತ್ತಿದ್ದೆ, ಉಂಡಾಯಿತು. ನಮ್ಮಲ್ಲಿ ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಾಗೇ ಅನ್ನುತ್ತೇವೆ. ಕೇಳಿದವರು ಅದನ್ನು ನಂಬದೆ ಕೈ ಹಿಡಿದು ಒಳಗೆ ಎಳೆಯುತ್ತಾರೆ. ಪಾ ನಿಮ್ ಪಾಪ, ನಂಬಿ ಸುಮ್ಮನಾಗುತ್ತಿದ್ದರು.

ಒಂದು ಭಾನುವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ನಾವು ಮೀನು ಮಾಂಸ ಮುಟ್ಟುವವರಲ್ಲ ಅಂತ ಇವರು ತಮಗೆ ಬರುವಷ್ಟು ಥಾಯ್‌ನಲ್ಲಿ ಹೇಳಿದ್ದರು. ಅಂದೇ ಮಿಲ್ಲಿನಲ್ಲಿ ಶಿಫ್ಟು ಬದಲಾಗಿ ಇವರು ಹೋಗಬೇಕಾಯಿತು. ನಾನೊಬ್ಬಳೇ ಇಳಕಲ್ ಸೀರೆ ಉಟ್ಟು ಇಳಿದು ಹೋದೆ. ಪಾ ನಿಮ್ ಚಾಪೆ ಹಾಸಿ ಕೂರಿಸಿ, ಒಳಗಿಂದ ಒಂದು ತಟ್ಟೆ ತಂದು ಮುಂದಿಟ್ಟರು.

ತಟ್ಟೆಯ ತುಂಬ ಎಲೆ. ವೀಳ್ಯದೆಲೆಯಂತೆಯೇ ಹಸಿರು ಹೊಳೆಯುವ ಎಲೆ. ಪಕ್ಕದಲ್ಲಿ ಹುರಿದ ಕೊಬ್ಬರಿ, ಶೇಂಗಾ, ಶುಂಠಿ, ನಿಂಬೆ, ಹಸಿಮೆಣಸಿನಕಾಯಿ, ಎಲ್ಲ ಚೂರು ಚೂರು. ನಾನು ಬೇರೇನನ್ನೂ ನೋಡಲಿಲ್ಲ, ಎಲೆಯನ್ನಷ್ಟೇ ನೋಡಿದೆ. ನಮ್ಮಲ್ಲಿ ಎಲೆ ತಟ್ಟೆ ಬಂತೆಂದರೆ ಏನರ್ಥ? ಊಟ ಮುಗಿಯಿತು, ಮಾತು ಮುಗಿಯಿತು, ಇನ್ನು ಏಳಬಹುದು. ತಮ್ಮ ಅಡಿಗೆ ನನಗಾಗದು ಅಂತ ಗೊತ್ತಾಗಿ ಮರ್ಯಾದೆಯಿಂದ ಎಲೆ ಕೊಟ್ಟು ಕಳಿಸುತ್ತಿದ್ದಾರೆ ಅಂದುಕೊಂಡೆ. ಒಂದೆಲೆ ಎತ್ತಿ ಕಣ್ಣಿಗೊತ್ತಿಕೊಂಡು, ಕೈ ಮುಗಿದು ಎದ್ದೆ. ಪಾ ನಿಮ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಹತ್ತಿಬಿಟ್ಟಿದ್ದೆ.

ಮೇಲೆ ಕೂತರೆ ಹಲಗೆಯ ಸಂದಿನಿಂದ ತೆಂಗಿನಹಾಲು ಕುದಿಯುವ ವಾಸನೆ. ಹಸಿವು, ಅವಮಾನ, ಸಿಟ್ಟು ಒಟ್ಟಿಗೆ ಉಕ್ಕಿ ಬಂದು ಅತ್ತುಬಿಟ್ಟೆ. ಈ ಊರು ನನಗೆ ಕೈಹತ್ತುವುದಿಲ್ಲ, ದೀಪಾವಳಿಯವರೆಗೆ ಯಾಕೆ ಕಾಯಬೇಕು ಅಂತ ಟ್ರಂಕು ಎಳೆದು ಮೊದಲು ಆ ಹಂಚನ್ನು ಅದರೊಳಗೆ ಇಟ್ಟೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಪಾ ನಿಮ್ ಅದೇ ತಟ್ಟೆ ಹಿಡಿದು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ಟ್ರಂಕನ್ನು ನೋಡಿದರು, ನನ್ನ ಮುಖವನ್ನು ನೋಡಿದರು.

“ಕಿನ್ ಖಾವ್ ರು ಯಾಂಗ್?”

ಅಭ್ಯಾಸದ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮುಖದಲ್ಲಿದ್ದ ಗಾಬರಿ ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ.

“ಯಾಂಗ್,” ಅಂದೆ. ಇನ್ನೂ ಇಲ್ಲ.

ಅವರು ಟ್ರಂಕಿನ ಪಕ್ಕದಲ್ಲೇ ಕೂತರು. ಎಲೆಯನ್ನು ಪೊಟ್ಟಣದಂತೆ ಮಡಚಿ, ಎಲ್ಲದರಲ್ಲೂ ಒಂದೊಂದು ಚೂರು ಇಟ್ಟು, ಮೇಲೆ ಬೆಲ್ಲದ ಪಾಕ ಬಿಟ್ಟು ನನ್ನ ಬಾಯಿಗೇ ಇಟ್ಟರು. ಸಿಹಿ, ಹುಳಿ, ಖಾರ, ಶುಂಠಿಯ ಘಾಟು ಒಂದೇ ಸಲಕ್ಕೆ ಒಡೆದವು. ಇದಕ್ಕೆ ಮಿಯಾಂಗ್ ಖಾಮ್ ಅನ್ನುತ್ತಾರೆ, ಒಂದು ತುತ್ತಿನ ಎಲೆ. ಊಟಕ್ಕೆ ಮುಂಚೆ ಬಾಯಿ ತೆರೆಸಲಿಕ್ಕೆ ಕೊಡುವುದು. ಸೀಗಡಿ ಹಾಕದೆ ನನಗಾಗಿಯೇ ಬೇರೆ ಮಾಡಿದ್ದರು.

ನಾನು ಟ್ರಂಕಿನಿಂದ ನಮ್ಮ ಕೆಂಪಡಿಕೆ ತೆಗೆದು, ಉಂಡ ಹಾಗೆ, ಕೈ ತೊಳೆದ ಹಾಗೆ, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದ ಹಾಗೆ ಅಭಿನಯಿಸಿ ತೋರಿಸಿದೆ. ಪಾ ನಿಮ್‌ಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನನ್ನ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದರು, ಮತ್ತೆ ನಕ್ಕರು. ಆಮೇಲೆ ನನ್ನ ಕೈ ಹಿಡಿದು ಕೆಳಗೆ ಎಳೆದುಕೊಂಡು ಹೋದರು, ಥೇಟು ನಮ್ಮವರ ಹಾಗೆ. ನಾಮ್ ಪ್ಲಾ ಸೋಕದ ಬದನೆಕಾಯಿಯ ಹಸಿರು ಸಾರು, ಸೊಪ್ಪು, ಅನ್ನ. ಎಷ್ಟು ಸಲ ಹಾಕಿಸಿಕೊಂಡೆನೋ ಲೆಕ್ಕ ಇಡಲಿಲ್ಲ.

ಅಲ್ಲಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಪಾ ನಿಮ್ ಒಂದು ಮಾತು ಕಲಿಸಿದರು: ಜೇ. ಚೀನೀ ಮೂಲದವರು ವ್ರತ ಹಿಡಿದಾಗ ಉಣ್ಣುವ ಸಸ್ಯಾಹಾರ. ಅದರ ಗುರುತಾದ ಹಳದಿ ಬಾವುಟ ಕಟ್ಟಿದ ಗಾಡಿ ಕಂಡರೆ ನನ್ನದೇ ಅಂತ ನುಗ್ಗುತ್ತಿದ್ದೆ. ಆದರೆ ಜೇ ಊಟಕ್ಕೆ ಬೆಳ್ಳುಳ್ಳಿ ನಿಷಿದ್ಧ, ನಮಗೋ ಬೆಳ್ಳುಳ್ಳಿ ಇಲ್ಲದಿದ್ದರೆ ನಾಲಿಗೆ ಏಳುವುದಿಲ್ಲ. “ಜೇ, ಆದರೆ ಬೆಳ್ಳುಳ್ಳಿ ಹಾಕಿ” ಅಂದರೆ ಗಾಡಿಯವರು ನನ್ನನ್ನು ಎಂಥ ವ್ರತಗೇಡಿ ಇವಳು ಅಂತ ನೋಡುವರು. ಪರಂಗಿಕಾಯಿಯನ್ನು ಒರಳಲ್ಲಿ ಖಾರದ ಜೊತೆ ಕುಟ್ಟಿ ಕೊಡುವ ಸೋಮ್ ತಾಮನ್ನು ಜೇ ಮಾಡಿಸಿ ತಿಂದು ಕಣ್ಣು ಮೂಗು ಸೋರಿ, ಮತ್ತೊಂದು ತಟ್ಟೆ ಕೇಳಿದೆ. ಒಂದು ಬೆಳಿಗ್ಗೆ ಮೂಲೆಯ ಗಾಡಿಯಲ್ಲಿ ಕಂಡದ್ದು ಸಾಕ್ಷಾತ್ ನಮ್ಮ ಪಡ್ಡಿನ ಹಂಚು. ಗುಳಿಗುಳಿಗೆ ಅಕ್ಕಿ ಹಿಟ್ಟು, ತೆಂಗಿನಹಾಲು. ಹೆಸರು ಖನೋಮ್ ಕ್ರೋಕ್, ರುಚಿ ಸಿಹಿ. ಚಟ್ನಿ ಎಲ್ಲಿ ಅಂತ ಕೇಳುವಷ್ಟು ಥಾಯ್ ನನಗೆ ಬರುತ್ತಿರಲಿಲ್ಲ, ಕೇಳದಿದ್ದದ್ದು ಒಳ್ಳೆಯದೇ ಆಯಿತು.

ದೀಪಾವಳಿಯ ದಿನ ಬೀದಿಯ ಸ್ಟೂಲಿನ ಮೇಲೆ ಕೂತು, ನನಗೊಂದು ತಟ್ಟೆ ಸೋಮ್ ತಾಮ್ ಹೇಳಿ, ಇವರನ್ನು ಕೆಣಕಿದೆ. “ಕಳಿಸ್ತೀನಿ ಅಂದಿದ್ರಲ್ಲ, ಟಿಕೇಟು ಮಾಡಿಸಿದ್ರಾ?”

“ಸುಮ್ನೆ ನನಗೂ ಅದನ್ನೇ ಹೇಳು ಮಾರಾಯ್ತಿ, ನನ್ನ ಥಾಯ್ ಗಾಡಿಯವರಿಗೆ ತಿಳಿಯಲ್ಲ,” ಅಂದರು.

ಮೊದಲ ರಜೆಗೆ ನಾನೊಬ್ಬಳೇ ಹೊನ್ನಾಳಿಗೆ ಹೋದೆ. ಸಂತೆಯಿಂದ ವೀಳ್ಯದೆಲೆ, ಕೊಬ್ಬರಿ, ಶೇಂಗಾ, ಬೆಲ್ಲ ತಂದು ಮಿಯಾಂಗ್ ಖಾಮ್ ಮಾಡಿ, ತಟ್ಟೆ ಬಿಟ್ಟು ಎದ್ದು ಬಂದ ಕಥೆ ಹೇಳಿದೆ. ಅಣ್ಣ ಅತ್ತಿಗೆ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ.

“ಆಯಮ್ಮ ನಿನ್ನ ಬಾಯಿಗಿಟ್ರಾ?” ಅಂತಷ್ಟೇ ಕೇಳಿದಳು. ರಾತ್ರಿ ಹಾಸಿಗೆ ಹಾಸುವಾಗ ಮಾತು ತೆಗೆದಳು. “ಅವ್ರು ಕರಾರು ಮುಗಿಸ್ಕೊಂಡು ಬರ್ಲಿ. ನೀನು ಇಲ್ಲೇ ಇದ್ದುಬಿಡು. ಅಲ್ಲಿ ಹೋಗಿ ಬೀದ್ಯಾಗೆ ಉಣ್ಣೋದೇನೈತೆ?”

ನಾನು ದಿಂಬು ಕೊಡವಿ ಇಟ್ಟೆ. ಹೊರಡುವ ದಿನದವರೆಗೂ ಅವ್ವ ಉತ್ತರಕ್ಕೆ ಕಾದಳು.

ಹೊರಟ ದಿನ ಬಸ್ ಸ್ಟ್ಯಾಂಡಿಗೆ ಅವ್ವನೂ ಬಂದಳು. ದಾವಣಗೆರೆ ಬಸ್ಸು ತಡ. ಅವ್ವನ ಕೈ ಹಿಡಿದು ಹೋಟೆಲಿಗೆ ನಡೆದೆ. ಸಪ್ಲೈಯರ್ ಪರದೆ ಸರಿಸಿ “ಒಳಗೆ ಬರ್ರಿ” ಅಂದ. “ಇಲ್ಲೇ ಆಗುತ್ತೆ” ಅಂದು ದೋಸೆ ಹಂಚು ಕಾಣುವ ಕಡೆ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ಅವ್ವ ಸೆರಗು ಹೊದ್ದು ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ನನ್ನ ಎದುರಿಗೆ ಕೂತಳು. ನಾನು ಎರಡು ದೋಸೆ ಹೇಳಿದೆ, ಪಲ್ಯ ಬೇರೆ ಇಡಿ ಅಂದೆ, ಚಟ್ನಿ ಇನ್ನಷ್ಟು ಹಾಕಿ ಅಂದೆ. ಅವ್ವ ದೋಸೆ ಹುಯ್ಯುವುದನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಬಿಡದೆ ಉಂಡಳು. ನಾನು ಕೊಡದ ಉತ್ತರ ಆಕೆಗೆ ಸಿಕ್ಕಿತು ಅಂತ ನನಗೆ ಗೊತ್ತಾಯಿತು.

ಬಸ್ಸು ಬಂದು ಹಾರ್ನ್ ಹೊಡೆಯಿತು. ಅವ್ವ ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೆಗೆದು ನನ್ನ ಮುಂದಿಟ್ಟಳು. ಕಳಿಸಿಕೊಡುವ ಎಲೆ. ನಾನು ಕಣ್ಣಿಗೊತ್ತಿಕೊಂಡು ಏಳಹೋದೆ. ಅವ್ವ ನನ್ನ ಮುಂಗೈ ಹಿಡಿದಳು.

“ಇದು ಆ ಊರಿನ ಎಲೆ ಅನ್ಕೊ,” ಅಂದಳು. “ಕೂತ್ಕೊ. ಇನ್ನೊಂದು ದೋಸೆ ಹೇಳು.”

ಹೇಳಿದೆ. ಆ ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಅವ್ವ ದೋಸೆಯನ್ನು ಅರ್ಧ ಮಾಡಿ, ದೊಡ್ಡ ಪಾಲನ್ನು ನನ್ನ ತಟ್ಟೆಗೆ ಹಾಕಿದಳು.