ಬಾಣಂತಿ ಮಂಟಪ

ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ, ವರ್ಗಾವಣೆಯ ಸುದ್ದಿ, ಸೊಸೆಯಂದಿರ ದೂರು ಎಲ್ಲ ಮುಗಿದ ಮೇಲೆ, ಮಾತು ಹೇಗೋ ದೆವ್ವಕ್ಕೆ ಬಂದು ನಿಲ್ಲುತ್ತದೆ. ಮಧುಗಿರಿಯಲ್ಲಿ ಕೂತು ಕೆಲಸ ಮಾಡುವ ನಾವೆಲ್ಲ ಸುತ್ತಲಿನ ನಾಲ್ಕು ತಾಲ್ಲೂಕುಗಳಿಂದ ಬಂದು ಸೇರಿದವರು. ಹಾಗಾಗಿ ದೆವ್ವಗಳಿಗೂ ಕೊರತೆಯಿಲ್ಲ. ಬೆಟ್ಟದ ಬುಡದಲ್ಲಿ ಗೆಜ್ಜೆ ಸದ್ದು ಮಾಡುವವಳು ಒಬ್ಬಳು, ಕೊರಟಗೆರೆ ದಾರಿಯ ಮೋರಿ ಹತ್ತಿರ ಬೈಕುಗಳಿಗೆ ಕೈ ಅಡ್ಡ ಹಿಡಿಯುವವಳು ಒಬ್ಬಳು, ಪಾವಗಡದ ಕಡೆ ಪಾಳು ಬಾವಿಯಲ್ಲಿ ತಲೆ ಬಾಚಿಕೊಳ್ಳುವವಳು ಇನ್ನೊಬ್ಬಳು. ಎಲ್ಲರೂ ಹೆಂಗಸರೇ. ಹೊಟ್ಟೆ ತುಂಬ ಉಂಡು, ವಯಸ್ಸಾಗಿ, ಮಂಚದ ಮೇಲೆ ಸತ್ತ ಯಾವ ಊರಗೌಡನೂ ದೆವ್ವವಾದ ಕಥೆಯನ್ನು ನಾನು ಇವತ್ತಿನವರೆಗೆ ಕೇಳಿಲ್ಲ.

ಕೊನೆಗೆ ಯಾರಾದರೊಬ್ಬರು ಶಿರಾ ತಾಲ್ಲೂಕಿನ ಬಾಣಂತಿ ಮಂಟಪದ ಕಥೆ ತೆಗೆಯುತ್ತಾರೆ. ಕಳ್ಳಂಬೆಳ್ಳ ಹೋಬಳಿಯ ಒಂದು ಊರಿನ ಗಡಿಯಾಚೆ, ಹೊಲಗಳ ನಡುವೆ, ಅರ್ಧ ಕುಸಿದ ಕಲ್ಲು ಮಂಟಪ. ಅಲ್ಲಿ ಒಬ್ಬ ಬಾಣಂತಿ ಕೂತು ದಾರಿಯಲ್ಲಿ ಹೋಗುವವರನ್ನು ನೀರು ಕೇಳುತ್ತಾಳಂತೆ, ಅದೂ ತೆಲುಗಿನಲ್ಲಿ. ಕೊಟ್ಟವರು ಮನೆ ಮುಟ್ಟುವುದಿಲ್ಲವಂತೆ. ಹೇಳುವವರು ಕಣ್ಣಗಲಿಸಿ ಹೇಳುತ್ತಾರೆ, ಕೇಳುವವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಾರೆ. ನಾನು ಮೊಸರನ್ನ ಕಲೆಸುತ್ತ ಕೂತಿರುತ್ತೇನೆ. ಆ ಬಾಣಂತಿ ನನ್ನ ತಾಯಿ.

ಹೆತ್ತ ಮೂರನೇ ದಿನ ಅವಳು ಸತ್ತಳು. ಹೆತ್ತದ್ದು ನನ್ನನ್ನು. ಅಪ್ಪ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾಗಿ ಹೆಂಡತಿಯ ಊರಿಗೆ ಹೋದ. ನನ್ನನ್ನು ಸಾಕಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದಿದ್ದಳು. ನನಗೆ ಎಣ್ಣೆ ಹಚ್ಚಿ ಎರೆದವಳು, ಮುದ್ದೆ ಮುರಿದು ಬಾಯಿಗಿಟ್ಟವಳು, ಊರಿನವರ ಬಾಯಿಗೆ ಹೆದರದೆ ಹೈಸ್ಕೂಲಿಗೆ ಕಳಿಸಿದವಳು ಅವಳು.

ಊರಿನವರ ಬಾಯಿಯೆಂದರೆ ಸಾಮಾನ್ಯವಲ್ಲ. ಶಾಲೆಯಲ್ಲಿ ಜಗಳವಾದಾಗೆಲ್ಲ ನಾನು 'ದೆವ್ವದ ಮಗಳು'. ಯಾರ ಮನೆಯ ಕೂಸಿಗಾದರೂ ಜ್ವರ ಬಂದರೆ ನಾನು ಆ ಬಾಗಿಲಿಗೆ ಹೋಗುವಂತಿರಲಿಲ್ಲ. ಮೊದಮೊದಲು ಅಳುತ್ತಿದ್ದೆ. ಆಮೇಲೆ ಅದನ್ನೇ ಕತ್ತಿ ಮಾಡಿಕೊಂಡೆ. ಆಟದಲ್ಲಿ ಮೋಸ ಮಾಡಿದ ಹುಡುಗಿಯರ ಮುಂದೆ ಕಣ್ಣು ಮೇಲೆ ಮಾಡಿ, 'ನೀಳ್ಳು, ನೀಳ್ಳು' ಎಂದು ತೆಲುಗಿನಲ್ಲಿ ನೀರು ಕೇಳಿ ಕಿರುಚುತ್ತಿದ್ದೆ. ಅವರು ಓಡುತ್ತಿದ್ದರು. ನಾನು ಗೆದ್ದೆನೆಂದು ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಿಜ ನನಗೆ ಗೊತ್ತಾದದ್ದು ನನ್ನ ಹೆರಿಗೆಯಲ್ಲಿ. ಮಧುಗಿರಿ ಆಸ್ಪತ್ರೆಯಲ್ಲಿ ಮಗ ಹುಟ್ಟಿದ ಮಾರನೇ ದಿನ ನರ್ಸು ಒಂದು ಚೊಂಬು ನೀರು ತಂದಿಟ್ಟು, 'ಚೆನ್ನಾಗಿ ನೀರು ಕುಡೀರಿ, ಇಲ್ದಿದ್ರೆ ಹಾಲು ಬರಲ್ಲ' ಎಂದು ಹೋದಳು. ನಾನು ಗಟಗಟ ಕುಡಿದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಅದನ್ನೇ ನೋಡುತ್ತಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಆವತ್ತು ಅವಳು ಹೇಳಿದ್ದು ಇಷ್ಟು. ನನ್ನ ತಾಯಿ ಪಾವಗಡದ ಆಚೆಯವಳು, ಅವಳ ಕನ್ನಡದಲ್ಲಿ ಅರ್ಧ ತೆಲುಗು. ಚೊಚ್ಚಲು ಹೆರಿಗೆಗೆ ಕರೆದುಕೊಂಡು ಹೋಗಲು ಅವಳ ಅಣ್ಣಂದಿರು ದಿನ ಗೊತ್ತು ಮಾಡಿದ್ದರು. ಅದಕ್ಕೆ ಮುಂಚೆಯೇ ನೋವು ಬಂತು. ಆಗ ನಮ್ಮೂರಲ್ಲಿ ಮಾರಿಹಬ್ಬಕ್ಕೆ ತಮಟೆ ಹೊಡೆಸಿ ಸಾರಿಯಾಗಿತ್ತು. ಸಾರಿದ ಮೇಲೆ ಹಬ್ಬ ಮುಗಿಯುವವರೆಗೆ ಊರೊಳಗೆ ಹೆರಿಗೆಯ ಮೈಲಿಗೆ ಆಗಕೂಡದು. ಊರ ಎತ್ತು ಗಡಿ ದಾಟಕೂಡದು. ಊರ ಯಜಮಾನರು ಬಂದು ನಮ್ಮ ತಾತನಿಗೆ ಹೇಳಿದರು, ತಾತ ತಲೆಯಾಡಿಸಿದ, ನನ್ನ ತಾಯಿಯನ್ನು ನಡೆಸಿಕೊಂಡು ಹೋಗಿ ಗಡಿಯಾಚೆಯ ಮಂಟಪದಲ್ಲಿ ಬಿಟ್ಟರು. ಗೋಣಿಚೀಲ ಹಾಸಿ ನನ್ನನ್ನು ಹೆತ್ತಳು. ಸೂಲಗಿತ್ತಿ ಹೊಕ್ಕುಳು ಕೊಯ್ದು, ಮಿಂದು, ಊರೊಳಗೆ ಹೋದಳು. ಜೊತೆಗೆ ಉಳಿದವಳು ಅತ್ತೆ ಒಬ್ಬಳೇ. ಗಂಡ ಸತ್ತವಳನ್ನು ಹಬ್ಬದ ಕೆಲಸಕ್ಕೆ ಹೇಗೂ ಕರೆಯುತ್ತಿರಲಿಲ್ಲ.

ಮಾರನೇ ದಿನ ತಾಯಿಯ ಮೈ ಸುಡತೊಡಗಿತು. ಶಿರಾ ಆಸ್ಪತ್ರೆಗೆ ಗಾಡಿ ಕಟ್ಟುವಂತಿಲ್ಲ. ನೀರು ಕೇಳಿದಳು. ಬಾಣಂತಿಗೆ ತಣ್ಣೀರು ಕೊಟ್ಟರೆ ನಂಜಾಗುತ್ತದೆಂದು ಅಜ್ಜಿ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು. ಅತ್ತೆಯ ಪಕ್ಕದಲ್ಲೇ ತುಂಬಿದ ಬಿಂದಿಗೆ ಇತ್ತು. ಒಂದೂವರೆ ದಿನ ಅವಳು ಕೇಳಿದಳು, ಇವಳು ಕೊಡಲಿಲ್ಲ. ದೂರದಲ್ಲಿ ಹಬ್ಬದ ತಮಟೆ ಕೇಳುತ್ತಿತ್ತಂತೆ.

'ಅವಳ ಒಳ್ಳೇದಕ್ಕೇ ಅಂದ್ಕಂಡೆ ಕಣೇ' ಎಂದಳು ಅತ್ತೆ. 'ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬ್ಯಾಡ.' ನನ್ನ ಕೂಸಿನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

ಅಲ್ಲಿಂದೀಚೆಗೆ ನನಗೆ ಬೇಕಾಗಿದ್ದದ್ದು ಒಂದೇ. ನಾಲ್ಕು ಜನರ ಮುಂದೆ, ಅದೇ ಊರಿನಲ್ಲಿ, ಯಾರಾದರೊಬ್ಬರು ಬಾಯಿ ಬಿಟ್ಟು ಹೇಳಬೇಕು: ಅವಳು ದೆವ್ವವಲ್ಲ, ಅವಳನ್ನು ಅಲ್ಲಿ ಹಾಕಿದವರು ನಾವು, ನೀರು ಕೊಡದೆ ಸಾಯಿಸಿದವರು ನಾವು. ನಾನು ಹೇಳಿದರೆ ಯಾರು ಕೇಳುತ್ತಾರೆ, ಆಗ ನಾನು ಮೂರು ದಿನದ ಕೂಸು. ಕಣ್ಣಾರೆ ಕಂಡವಳು ಅತ್ತೆ ಒಬ್ಬಳೇ. ವರ್ಷಕ್ಕೊಂದು ಸಲವಾದರೂ ಕೇಳುತ್ತಿದ್ದೆ, 'ಹೇಳತ್ತೆ, ಒಂದೇ ಸಲ ಹೇಳು.' ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಈಚೆಗೆ ಮಂಟಪಕ್ಕೆ ಹೊಸ ಭಾಗ್ಯ ಬಂತು. ಕ್ಯಾಮೆರಾ ಹಿಡಿದ ಹುಡುಗರು 'ತುಮಕೂರು ಜಿಲ್ಲೆಯ ಭಯಾನಕ ಸ್ಥಳಗಳು' ಎಂದು ವಿಡಿಯೊ ಮಾಡಿ ಹಾಕಿದರು. ಅದರಲ್ಲಿ ನನ್ನ ತಾಯಿ ಮಂತ್ರವಾದಿಯ ಮಗಳು, ಗಂಡನನ್ನು ಕೊಂದವಳು. ಕೂದಲು ಕೆದರಿದ ಯಾವುದೋ ಚಿತ್ರ ಬೇರೆ. ನನ್ನ ಸಹೋದ್ಯೋಗಿಯೊಬ್ಬಳು ಅದನ್ನು ನನಗೇ ಕಳಿಸಿ, 'ಮೇಡಂ, ನಿಮ್ಮೂರ ಕಡೇದು ನೋಡಿ' ಎಂದು ಬರೆದಿದ್ದಳು.

ಅದಾದ ಸ್ವಲ್ಪ ದಿನಕ್ಕೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಮಂಟಪ ಕೀಳಬೇಕು, ಜೆಸಿಬಿಯವನು ಹತ್ತಿರ ಹೋಗಲು ಒಪ್ಪಲಿಲ್ಲ. ಊರಿನ ಈಗಿನ ಯಜಮಾನರು, ಅಂದರೆ ಆಗಿನ ಯಜಮಾನರ ಮಗ, ನನಗೆ ಫೋನು ಮಾಡಿದರು.

'ಕೊರಟಗೆರೆ ಕಡೆಯಿಂದ ಒಬ್ಬ ಪೂಜಾರಪ್ಪನ್ನ ಕರೆಸೀವಿ ಕಣಮ್ಮ. ಹೊಟ್ಟೇಲಿ ಹುಟ್ಟಿದ ಮಗಳೇ ಕುಂತ್ಕಂಡು ಹೋಗು ಅಂತ ಹೇಳ್ಬೇಕಂತೆ. ಬಂದ್ಬುಡವ್ವ, ನಿನಗೂ ಒಳ್ಳೇದಾಯ್ತದೆ.'

ಐವತ್ತು ವರ್ಷದಲ್ಲಿ ಆ ಮನೆಯಿಂದ ನನಗೆ ಬಂದ ಮೊದಲ ಒಳ್ಳೆಯ ಮಾತು ಅದು. ಬೈದು ಫೋನು ಇಡಬೇಕೆಂದಿದ್ದೆ. ಆಗ ಹೊಳೆಯಿತು, ಊರೆಲ್ಲ ಒಂದೇ ಕಡೆ ಸೇರುತ್ತದೆ. 'ಬರ್ತೀನಿ, ಅತ್ತೆಯನ್ನೂ ಕರೆತರ್ತೀನಿ' ಎಂದೆ. ಅತ್ತೆಗೆ ಹೇಳಿದೆ, 'ನೀನು ಅಲ್ಲಿ ಬಾಯಿ ಬಿಡದಿದ್ದರೆ ಇನ್ನು ಮೇಲೆ ನಾನು ನಿನ್ನನ್ನು ಅತ್ತೆ ಅನ್ನುವುದಿಲ್ಲ.' ಎಪ್ಪತ್ತು ದಾಟಿದ, ನನ್ನನ್ನು ಸಾಕಿದ ಹೆಂಗಸಿಗೆ ನಾನು ಹಾಕಿದ ಬೆದರಿಕೆ ಅದು. ಅವಳು ಒಗೆದ ಸೀರೆ ಉಟ್ಟು ಹೊರಟಳು.

ಬೆಳಗ್ಗೆ ಹತ್ತು ಗಂಟೆಯ ಬಿಸಿಲು. ಮಂಟಪದ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕ್ಯಾಮೆರಾ ಹುಡುಗರು ಕೂಡ. ಪೂಜಾರಿ ಅರಿಶಿನ ಕುಂಕುಮದ ಮಂಡಲ ಬರೆದು, ನಿಂಬೆಹಣ್ಣು ಕೊಯ್ದು, ನನ್ನನ್ನು ಕೂರಿಸಿದ. 'ಹೇಳಮ್ಮ, ನೀನು ಮಾಡಿದ ತಪ್ಪನ್ನೆಲ್ಲ ಮನ್ನಿಸಿದ್ದೀವಿ, ಊರು ಬಿಟ್ಟು ಹೋಗು ಅಂತ ಮೂರು ಸಲ.'

'ಅವಳು ಮಾಡಿದ ತಪ್ಪೇನು?' ಎಂದೆ.

ಪೂಜಾರಿ ಯಜಮಾನರ ಮುಖ ನೋಡಿದ. ಯಜಮಾನರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, 'ಆಗಿನ ಕಾಲ ಅಂಗಿತ್ತು ಕಣಮ್ಮ, ಈಗ ಅದೆಲ್ಲ ಯಾಕೆ' ಎಂದರು. ನಾನು ಅತ್ತೆಯ ಕಡೆ ತಿರುಗಿದೆ. ಅವಳು ಕುರ್ಚಿಯಲ್ಲಿ ಕೂರದೆ, ಮಂಟಪದ ಕಂಬ ಹಿಡಿದು ನಿಂತಿದ್ದಳು. ಅವಳ ಕಣ್ಣು ಒಳಗಿನ ಕಲ್ಲುಹಾಸಿನ ಒಂದು ಮೂಲೆಯ ಮೇಲಿತ್ತು.

'ಇಲ್ಲೇ ಮಲಗಿದ್ಲು' ಎಂದಳು. ಆಮೇಲೆ ತೆಳ್ಳಗಿನ, ಬೇರೆಯೇ ದನಿಯಲ್ಲಿ, 'ವದಿನಾ, ಕೊಂಚಂ ನೀಳ್ಳು ಇಯ್ಯಿ, ವದಿನಾ' ಎಂದಳು. ಅತ್ತಿಗೆ, ಚೂರು ನೀರು ಕೊಡು. ನನ್ನ ತಾಯಿ ಹೇಗೆ ಕೇಳಿದಳೋ ಹಾಗೇ ಆಡಿ ತೋರಿಸುತ್ತಿದ್ದಳು.

ಜನ ಎದ್ದು ನಿಂತರು. ಕುರ್ಚಿಗಳು ಉರುಳಿದವು. ಒಬ್ಬ ಹೆಂಗಸು, 'ಬಂದ್ಲು, ಬಂದ್ಲು, ಮುದುಕಿ ಮೈಮೇಲೆ ಬಂದ್ಲು!' ಎಂದು ಕೂಗಿದಳು. ಪೂಜಾರಿ ಬೇವಿನ ಸೊಪ್ಪು ಹಿಡಿದು ಹಾರಿ ಬಂದ. ತೆಲುಗು ಬಾರದ ಮುದುಕಿಯ ಬಾಯಲ್ಲಿ ತೆಲುಗು, ಅವನಿಗೆ ಇನ್ನೇನು ಬೇಕು.

'ಅವಳಲ್ಲ, ನಾನು ಹೇಳ್ತಿರೋದು' ಎಂದಳು ಅತ್ತೆ. 'ಬಿಂದಿಗೆ ನನ್ನ ಪಕ್ಕದಾಗೇ ಇತ್ತು. ನಾನು ಕೊಡ್ಲಿಲ್ಲ. ಹನ್ನೊಂದರ ದಿನ ಅವಳ ಅಣ್ಣದೀರು ಬಂದು ನಮ್ಮಪ್ಪನ ಕೊರಳಪಟ್ಟಿ ಹಿಡಿದ್ರು. ನಮ್ಮಪ್ಪ ಹೇಳ್ಕೊಟ್ಟ, ನಾನು ಹೇಳ್ದೆ. ನಿಮ್ ತಂಗಿ ದೆವ್ವ ಆಗ್ಯವಳೆ, ನಾನು ಕಂಡೆ, ನೀರು ಕೇಳ್ತಾ ಕುಂತವಳೆ ಅಂತ. ಸುಳ್ಳು. ಅವಳು ಏನೂ ಆಗ್ಲಿಲ್ಲ, ಸುಮ್ನೆ ಸತ್ಲು. ನನ್ನ ಮಾತಿಗೆ ಹೆದರ್ಕೊಂಡು ಅವರು ಕೂಸಿನ ಮುಖನೂ ನೋಡ್ದಂಗೆ ಹೋದ್ರು.'

ನನಗೂ ಗೊತ್ತಿರಲಿಲ್ಲ ಇದು. ನನಗೊಂದು ತಾಯಿಯ ತವರು ಇಲ್ಲದೆ ಹೋದದ್ದು ಹೀಗೆ. ನಾನು ಶಾಲೆಯಲ್ಲಿ ಕಿರುಚುತ್ತಿದ್ದ ಆ ಮಾತು ಹುಟ್ಟಿದ್ದು ನನ್ನನ್ನು ಸಾಕಿದ ಬಾಯಲ್ಲೇ.

ಪೂಜಾರಿ ಸೊಪ್ಪಿನಿಂದ ಅವಳ ಬೆನ್ನಿಗೆ ಬಾರಿಸಿದ. 'ದೆವ್ವ ಯಾವಾಗ್ಲೂ ಇಂಗೇ ಕಣ್ರಪ್ಪಾ, ನಾನಲ್ಲ ನಾನಲ್ಲ ಅಂತದೆ' ಎಂದು ಜನರಿಗೆ ವಿವರಿಸಿದ. ಯಜಮಾನರ ಮುಖದಲ್ಲಿ ಗೆಲುವು ಬಂದಿತ್ತು. 'ಕೇಳಮ್ಮ, ನೀನೇ ಕೇಳು, ಏನು ಬೇಕು ಅಂತ ಕೇಳು' ಎಂದು ನನ್ನನ್ನು ಮುಂದಕ್ಕೆ ತಳ್ಳಿದರು.

ನಾನು ಬಿ.ಎ. ಓದಿದವಳು. ದೆವ್ವವನ್ನು ನಂಬಿದವಳಲ್ಲ. ಅತ್ತೆ ಹೇಳುತ್ತಿರುವುದು ಅತ್ತೆಯ ಮಾತೇ ಎಂದು ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆಗಲೇ ಆ ಸೊಪ್ಪು ಕಿತ್ತು ಬಿಸಾಡಿ, 'ಕೇಳಿಸಿಕೊಳ್ಳಿ, ಇವಳು ನಿಜ ಹೇಳುತ್ತಿದ್ದಾಳೆ' ಎಂದು ಕೂಗಬೇಕಿತ್ತು. ಅದಕ್ಕೇ ತಾನೇ ಅವಳನ್ನು ಹೆದರಿಸಿ ಕರೆತಂದದ್ದು. ಆದರೆ ಆ ತೆಳ್ಳಗಿನ ದನಿ ನನ್ನ ಕಿವಿಯಲ್ಲಿ ಇನ್ನೂ ಇತ್ತು. ನನ್ನ ತಾಯಿಯ ದನಿ ಹೇಗಿತ್ತೆಂದು ನಾನು ಜೀವಮಾನದಲ್ಲಿ ಅದೇ ಮೊದಲು ಕೇಳಿದ್ದು. ಕುಸಿದು ಅತ್ತೆಯ ಕಾಲು ಹಿಡಿದುಕೊಂಡೆ.

'ಅಮ್ಮಾ' ಎಂದೆ. 'ನನ್ನಿಂದ ಸತ್ತೆ ಅಂತ ನನ್ನ ಮೇಲೆ ಕೋಪ ಇದೆಯಾ?'

ಅತ್ತೆ ಬಗ್ಗಿ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, ಅದೇ ತೆಳ್ಳಗಿನ ದನಿಯಲ್ಲಿ, 'ಇಲ್ಲಮ್ಮಾ, ನೀನೇನು ಮಾಡ್ದೆ' ಎಂದಳು.

'ಹೋಯ್ತೀಯಾ?' ಎಂದು ಪೂಜಾರಿ ಗದರಿದ.

'ಹೋಯ್ತೀನಿ.'

ಜನ ಉಸಿರು ಬಿಟ್ಟರು. ಯಾರೋ ಕಾಯಿ ಒಡೆದರು. ಹುಡುಗರು ಕ್ಯಾಮೆರಾ ಕೆಳಗಿಳಿಸಿ ಒಬ್ಬರ ಭುಜ ಒಬ್ಬರು ತಟ್ಟಿಕೊಂಡರು. ಯಜಮಾನರು ನಮಗೆ ಎಲೆ ಹಾಕಿಸಿ ಊಟ ಬಡಿಸಲು ಹೇಳಿದರು. ಆ ಊರಿನಲ್ಲಿ ಯಾರೂ ಕೆಟ್ಟದ್ದು ಮಾಡಿದವರಿಲ್ಲ, ಕೆಟ್ಟದ್ದು ಹೊರಟುಹೋಯಿತು. ಊಟದ ಎಲೆ ಎತ್ತುವುದರೊಳಗೆ ಜೆಸಿಬಿ ಮಂಟಪಕ್ಕೆ ಕೈ ಹಾಕಿತು.

ನಾವು ಉಣ್ಣದೆ ಹೊರಟೆವು. ಕಳ್ಳಂಬೆಳ್ಳದವರೆಗೆ ಆಟೋ ಸಿಕ್ಕಿತು. ಅತ್ತೆಯ ಬೆನ್ನಿಗೆ ಬೇವಿನ ಎಲೆ ಅಂಟಿಕೊಂಡಿತ್ತು, ಒಂದೊಂದಾಗಿ ತೆಗೆದೆ. ಬೆನ್ನು ಕೆಂಪಾಗಿತ್ತು. ಕೆರೆ ಏರಿ ಬಂತು.

'ನಾನೇ ಮಾತಾಡಿದ್ದು ಕಣೇ' ಎಂದಳು. 'ಅವಳಲ್ಲ.'

'ಗೊತ್ತು ಅತ್ತೆ.'

'ಗೊತ್ತಿದ್ದೂ ಅವಳನ್ನ ಕೇಳ್ದೆ. ನನ್ನ ಕೇಳ್ಲಿಲ್ಲ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. 'ನಿಂಗೆ ಅವಳ ಬಾಯಿಂದ ಒಂದ್ ಮಾತು ಬೇಕಾಗಿತ್ತು, ಕೊಟ್ಟೆ. ಊರಿನೋರು ಕೇಳ್ದಿದ್ರೆ ಹಾಳಾಗೋಗ್ಲಿ. ನೀನು ಹೇಳು. ನನ್ನ ಮೇಲೆ ಕೋಪ ಐತಾ?'

ಮಗ ಹುಟ್ಟಿದಾಗಿನಿಂದ ನಿಜ ಬೇಕು, ನಿಜ ಬೇಕು ಎಂದು ಅವಳ ಪ್ರಾಣ ತಿಂದವಳು ನಾನು.

'ಇಲ್ಲ ಅತ್ತೆ' ಎಂದೆ.

ಅವಳು ನನ್ನ ಮುಖ ನೋಡಿದಳು, ತಲೆಯಾಡಿಸಿದಳು, ಆಮೇಲೆ ಕೆರೆಯ ಕಡೆ ತಿರುಗಿ ಕೂತಳು. ನಂಬಲಿಲ್ಲ.