ಹಿಂದುಮುಂದಾದ ಎಮ್ಮೆಕರು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಟಗೇರಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷವಾದರೂ, ನನ್ನ ಕೈಯಿಂದ ಹೊರಗೆ ಹೋದ ಪುಸ್ತಕಗಳಲ್ಲಿ ನಾನು ಪೂರ್ತಿ ಓದಿದ್ದು ಒಂದೇ ಒಂದು. ಅದೂ ಹದಿನಾರು ಪುಟದ್ದು, ಮಕ್ಕಳನ್ನು ಮಲಗಿಸುವಾಗ ಓದುವ ಚಿತ್ರದ ಪುಸ್ತಕ. ಪುಸ್ತಕ ಕೈಗೆ ಬಂದರೆ ನನ್ನ ಕಣ್ಣು ಹೋಗುವುದು ಅಂಚಿನ ಕಡೆಗೆ, ಮಡಿಕೆಯ ಕಡೆಗೆ, ಪಿನ್ನಿನ ಕಡೆಗೆ. ಒಳಗೆ ವೇದಾಂತವಿದ್ದರೂ ಅಷ್ಟೇ, ಕಿರಾಣಿ ಅಂಗಡಿಯ ರಸೀತಿ ಇದ್ದರೂ ಅಷ್ಟೇ.

ಇನ್ನೊಂದು ದೋಷವೂ ಇದೆ. ನನಗೆ ಸುಮ್ಮನೆ ಕೂರಲಾಗದು. ಕಾಲು ಅಲ್ಲಾಡುತ್ತಿರಬೇಕು, ಇಲ್ಲವೇ ಕೈ ಏನನ್ನಾದರೂ ಒಪ್ಪ ಮಾಡುತ್ತಿರಬೇಕು. ಗದಗ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರು ಓದುತ್ತಿದ್ದ ಪೇಪರಿನ ಹಾಳೆಗಳು ಓರೆಯಾಗಿವೆ ಎಂದು, ಕೇಳದೇ ಕೈಯಿಂದ ತೆಗೆದುಕೊಂಡು ತಟ್ಟಿ ಸರಿಮಾಡಿ ಕೊಟ್ಟು ಬೈಸಿಕೊಂಡಿದ್ದೇನೆ. ಇಂಥವನಿಗೆ ನಾಲ್ಕು ವರ್ಷದ ಮಗಳನ್ನು ಮಲಗಿಸುವ ಕೆಲಸ ಬಂತು. ನನ್ನ ಹೆಂಡತಿ ಶೈಲಾಗೆ ಬಹಳ ದಿನ ಕಾದ ಮೇಲೆ ದವಾಖಾನೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಶುರುವಿಗೇ ಒಂದು ತಿಂಗಳು ನೈಟ್ ಡ್ಯೂಟಿ. ಸಂಜೆ ಏಳಕ್ಕೆ ಅವಳು ಆಟೋ ಹತ್ತಿದಳೆಂದರೆ ಮಗಳು ಸುಮಿ ಬಾಗಿಲಲ್ಲಿ ಅಳುತ್ತ ನಿಲ್ಲುವಳು. ಅವಳನ್ನು ಸಮಾಧಾನ ಮಾಡಿ, ಉಣ್ಣಿಸಿ, ಮಲಗಿಸುವುದು ನನ್ನ ಪಾಲು.

ನಾನು ಚಿಕ್ಕವನಿದ್ದಾಗ ಈ ಕೆಲಸವನ್ನು ನನ್ನ ಅವ್ವ ಬರಿಗೈಯಲ್ಲಿ ಮಾಡುತ್ತಿದ್ದಳು. ಅವಳ ಕಥೆಗೆ ಪುಟಗಳ ಲೆಕ್ಕವಿರಲಿಲ್ಲ. ನಾನಿನ್ನೂ ಕಣ್ಣು ಬಿಟ್ಟಿದ್ದರೆ ರಾಜನಿಗೆ ಇನ್ನೊಬ್ಬ ಮಗ ಹುಟ್ಟುತ್ತಿದ್ದ. ನಾನು ಕಣ್ಣು ಮುಚ್ಚಿದರೆ ಇಡೀ ರಾಜ್ಯವನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗುತ್ತಿದ್ದಳು. ಹಗಲು ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. ಹಗಲು ಕಥೆ ಹೇಳಿದರೆ ದಾರಿಯಲ್ಲಿದ್ದವರು ದಾರಿ ತಪ್ಪುತ್ತಾರಂತೆ. ಅವರು ತಪ್ಪಿದರೋ ಇಲ್ಲವೋ, ಅವ್ವನಿಗೆ ಹಗಲೆಲ್ಲ ಕೆಲಸ ಮಾಡಲು ಬಿಡುವಂತೂ ಸಿಗುತ್ತಿತ್ತು. ಈಗಲೂ ನಮ್ಮ ಜೊತೆಗೇ ಇದ್ದಾಳೆ, ಆದರೆ ಕಥೆ ಶುರುಮಾಡಿದರೆ ರಾಜ ಬೇಟೆಗೆ ಹೊರಡುವ ಮೊದಲು ಅವಳಿಗೇ ನಿದ್ದೆ ಬರುತ್ತದೆ. ಪುಸ್ತಕದ ಪಾಡು ಬೇರೆ. ಮಗು ಮಲಗಲಿ, ಎದ್ದು ಕುಣಿಯಲಿ, ಅದು ಹದಿನಾರನೇ ಪುಟಕ್ಕೆ ಮುಗಿದೇ ತೀರುತ್ತದೆ.

ಆ ದಿನಗಳಲ್ಲಿ ಯಾರೋ ಮಾಡಿಸಿದ ಮಕ್ಕಳ ಪುಸ್ತಕವೊಂದು ಕಟ್ಟಲು ಅಂಗಡಿಗೆ ಬಂದಿತ್ತು. ಕಥೆ ಸಣ್ಣದು. ತಾಯಿ ಎಮ್ಮೆ ಮುಂಜಾನೆ ಹೊಳೆಗೆ ಹೋಗುತ್ತದೆ. ಕರು ಅದನ್ನು ಬಣವೆಯ ಹಿಂದೆ, ಚಕ್ಕಡಿಯ ಕೆಳಗೆ, ಬಾವಿಯ ಕಟ್ಟೆಯ ಆಚೆ ಹುಡುಕುತ್ತದೆ, ಕಾಗೆಯನ್ನು ಕೇಳುತ್ತದೆ, ಕಪ್ಪೆಯನ್ನು ಕೇಳುತ್ತದೆ. ಸಂಜೆಗೆ ತಾಯಿ ಬೆನ್ನ ಮೇಲೊಂದು ಬೆಳ್ಳಕ್ಕಿ ಕೂರಿಸಿಕೊಂಡು ಬರುತ್ತದೆ, ಕರುವನ್ನು ನೆಕ್ಕುತ್ತದೆ, ಎರಡೂ ಮಲಗುತ್ತವೆ. ಕೊರ್ಲಹಳ್ಳಿಯಲ್ಲಿ ತಾಯಿಯ ತವರುಮನೆಗೆ ಹೋದಾಗ ಹೊಳೆಯಿಂದ ಬರುವ ಎಮ್ಮೆಗಳನ್ನು ಕಂಡಿದ್ದ ಸುಮಿಗೆ ಇದು ಹಿಡಿಸೀತು ಎಂದುಕೊಂಡು, ಅಂಗಡಿ ಮುಚ್ಚುವ ಹೊತ್ತಿಗೆ ಅವಸರದಲ್ಲಿ ಒಂದು ಪ್ರತಿ ನಾನೇ ಕಟ್ಟಿ ಮನೆಗೆ ತಂದೆ.

ಹಿಡಿಸಿತು. ಎರಡು ವಾರ ದಿನಾ ಅದೇ ಓದು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸುಮಿ ನಿದ್ದೆ ಹೋಗಿರುತ್ತಿದ್ದಳು. ಮಗಳನ್ನು ಮಲಗಿಸುವ ವಿದ್ಯೆ ನನಗೆ ಒಲಿದಿದೆ ಎಂದು ಶೈಲಾಳ ಮುಂದೆ ಸ್ವಲ್ಪ ಹೆಚ್ಚೇ ಜಂಬ ಕೊಚ್ಚಿಕೊಂಡೆ.

ಆಮೇಲೆ ಒಂದು ದಿನ ಖಾದರಸಾಬರು ಮನೆಗೆ ಬಂದರು. ನನ್ನ ಅಂಗಡಿಯಲ್ಲಿ ಹಾಳೆ ಮಡಚುವ ಹಿರಿಯರು. ನನಗೆ ಕೆಲಸ ಕಲಿಸಿದವರೂ ಅವರೇ. ಚಹಾ ಕುಡಿಯುತ್ತ ಸುಮಿಯ ಪುಸ್ತಕ ತಿರುವಿದರು. ಬಟ್ಟಲು ಕೆಳಗಿಟ್ಟು ಇನ್ನೊಮ್ಮೆ ತಿರುವಿದರು.

"ಮಾಲಕ್ರ, ಇದನ್ನ ಯಾರು ಕಟ್ಟ್ಯಾರ್ರಿ?"

"ನಾನರಿ. ಯಾಕ?"

"ಒಳಗಿನ ಮಡಿಕಿ ಹೊರಗ ಬಿದ್ದೈತ್ರಿ. ಗಿರಾಕಿ ಕೈಗೆ ಹೋಗಿದ್ರ ಮಾನ ಹೋಗತಿತ್ತು."

ಆ ಪುಸ್ತಕಕ್ಕೆ ಇರುವುದು ಎರಡೇ ಮಡಿಕೆ, ಎಂಟೆಂಟು ಪುಟಕ್ಕೆ ಮಡಚಿದ ಎರಡು ಹಾಳೆ. ಹೊರಗಿನದರಲ್ಲಿ ಮೊದಲ ನಾಲ್ಕು ಪುಟ ಮತ್ತು ಕೊನೆಯ ನಾಲ್ಕು ಪುಟ, ಒಳಗಿನದರಲ್ಲಿ ನಡುವಿನ ಎಂಟು. ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಇಟ್ಟು ಪಿನ್ನು ಹೊಡೆಯಬೇಕು. ನಾನು ಒಂದರ ಹಿಂದೆ ಇನ್ನೊಂದನ್ನು ಇಟ್ಟು ಹೊಡೆದಿದ್ದೆ. ಹೀಗಾಗಿ ನಮ್ಮ ಮನೆಯ ಪುಸ್ತಕದಲ್ಲಿ ಎಮ್ಮೆ ಹೊಳೆಗೆ ಹೋದ ಕೂಡಲೇ ತಿರುಗಿ ಬರುತ್ತಿತ್ತು. ಕರು ಹುಡುಕುವುದೆಲ್ಲ ಆಮೇಲೆ. ಪುಟಗಳಿಗೆ ಅಂಕಿ ಹಾಕಿರಲಿಲ್ಲ ಎಂಬುದು ನನ್ನ ಪರವಾಗಿ ಹೇಳಬಹುದಾದ ಒಂದೇ ಮಾತು. ಎರಡು ವಾರ ಗಟ್ಟಿಯಾಗಿ ಓದಿಯೂ ನನಗೆ ತಿಳಿಯಲಿಲ್ಲವೆಂದರೆ ಬಾಯಿ ಎಮ್ಮೆಯ ಜೊತೆ, ಮನಸ್ಸು ನಾಳೆಯ ಕೆಲಸದ ಜೊತೆ ಇತ್ತು ಎಂದೇ ಅರ್ಥ.

ನಾಚಿಕೆಯಾಯಿತು. ಮಾರನೆಯ ದಿನವೇ ಪಿನ್ನು ಕಿತ್ತು, ಮಡಿಕೆಗಳನ್ನು ಸರಿಯಾಗಿ ಇಟ್ಟು, ಅಂಚು ಕತ್ತರಿಸಿ, ಹೊಸದರಂತೆ ಮಾಡಿ ತಂದೆ. ಆ ರಾತ್ರಿ ಎಮ್ಮೆ ಹೊಳೆಗೆ ಹೋಯಿತು. ಕರು ಬಣವೆಯ ಹಿಂದೆ ಇಣುಕಿತು. ಸುಮಿ ಎದ್ದು ಕುಳಿತಳು.

"ಅವ್ವ ಎಲ್ಲಿ?"

"ಬರತೈತಿ, ತಡಿ."

ಚಕ್ಕಡಿಯ ಕೆಳಗೆ ತಾಯಿ ಇರಲಿಲ್ಲ. ಸುಮಿಯ ತುಟಿ ಅದುರಿತು. ಕಪ್ಪೆ ತನಗೆ ಗೊತ್ತಿಲ್ಲ ಎನ್ನುವ ಹೊತ್ತಿಗೆ ಅವಳ ಅಳು ಓಣಿಗೆಲ್ಲ ಕೇಳಿತು. ಕೊನೆಯಲ್ಲಿ ಎಮ್ಮೆ ಬಂದರೂ ಪ್ರಯೋಜನವಾಗಲಿಲ್ಲ. ನಾಲ್ಕು ದಿನ ಇದೇ ಪಾಡು. ಬೇರೆ ಪುಸ್ತಕ ತಂದರೆ ದೂಡಿಬಿಟ್ಟಳು. ನಾನು ಎತ್ತಿಕೊಂಡು ಅಂಗಳದಲ್ಲಿ ತಿರುಗಿದೆ, ಗದರಿದೆ, ಗದರಿದ್ದಕ್ಕೆ ನೊಂದುಕೊಂಡು ಮತ್ತೆ ತಿರುಗಿದೆ. ಬೆಳಿಗ್ಗೆ ಬಂದ ಶೈಲಾ ನಮ್ಮಿಬ್ಬರ ಕೆಂಪು ಕಣ್ಣು ನೋಡಿ ಬ್ಯಾಗು ಕೆಳಗಿಟ್ಟು ಅಲ್ಲೇ ಕುಳಿತಳು.

"ಹಿಂಗಾದ್ರ ನಾ ಕೆಲಸ ಬಿಡತೇನ್ರಿ. ಕೂಸಿನ ಅಳಿಸಿ ಯಾರನ್ನ ಆರೈಕಿ ಮಾಡ್ಲಿ?"

ಆ ಕೆಲಸಕ್ಕಾಗಿ ಅವಳು ಎಷ್ಟು ಬಾಗಿಲು ತಿರುಗಿದ್ದಳೆಂದು ನನಗೆ ಗೊತ್ತು. ಅಂದು ಮಧ್ಯಾಹ್ನ ಸುಮಿಯನ್ನು ಅಂಗಡಿಗೆ ಕರೆದೊಯ್ದೆ. ರದ್ದಿ ಹಾಳೆಗಳ ಮೇಲೆ ಕೂರಿಸಿ, ಪುಸ್ತಕ ಮುಂದಿಟ್ಟು, ದೊಡ್ಡವರನ್ನು ಕೇಳುವಂತೆ ಕೇಳಿದೆ, ಇದರಲ್ಲಿ ಏನು ತಪ್ಪಾಗಿದೆ ಎಂದು.

"ಇದರಾಗ ಕರಾ ಖರೇನ ಹುಡುಕತೈತಿ" ಎಂದಳು.

"ಮೊದಲಿಂದರಾಗ?"

"ಅದರಾಗ ಅವ್ವ ಬಂದ ಬಿಟ್ಟೈತಲ್ಲ. ಆಮ್ಯಾಲ ಇಬ್ಬರೂ ಕಣ್ಣಮುಚ್ಚಾಲಿ ಆಡತಾವು."

ಖಾದರಸಾಬರು ಮಡಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಪುಸ್ತಕ ನೋಡಿದೆ. ಬಾವಿಕಟ್ಟೆಯ ಆಚೆ ಇಣುಕುವ ಕರು ಅಳುತ್ತಿದೆ ಎಂದು ನಾನು ತಿಳಿದಿದ್ದೆ. ಚಿತ್ರ ಅದೇ, ಬಾಯಿ ತೆರೆದಿರುವುದೂ ಅದೇ. ತಾಯಿ ಮನೆಯಲ್ಲೇ ಇದ್ದಾಳೆಂದು ಗೊತ್ತಿದ್ದರೆ ಅದು ನಗುವ ಕರುವೂ ಹೌದು. ಓದು ಬಾರದ ನಾಲ್ಕು ವರ್ಷದ ಮಗು ಇಷ್ಟನ್ನು ಕಂಡಿತ್ತು, ಇಪ್ಪತ್ತು ವರ್ಷ ಪುಸ್ತಕ ಕಟ್ಟಿದ ನನಗೆ ಕಂಡಿರಲಿಲ್ಲ.

ಪಿನ್ನು ಕಿತ್ತೆ. ಸರಿಯಾಗಿದ್ದುದನ್ನು ಬೇಕೆಂದೇ ತಪ್ಪಾಗಿ ಕಟ್ಟುವುದು ಸುಲಭವಲ್ಲ ನೋಡಿ, ಕೈ ಮಾತು ಕೇಳುವುದಿಲ್ಲ. ಒಳಗಿನ ಮಡಿಕೆ ತಾನಾಗಿ ಒಳಗೇ ಹೋಗಿ ಕೂರುತ್ತಿತ್ತು. ಕೊನೆಗೆ ಖಾದರಸಾಬರು, "ಕಣ್ಣ ಮುಚ್ಚಿ ಹೊಡೀರಿ ಮಾಲಕ್ರ, ನಾ ಯಾರಿಗೂ ಹೇಳಂಗಿಲ್ಲ" ಎಂದರು. ಅಂದು ರಾತ್ರಿ ಕರು ಬಾವಿಕಟ್ಟೆಯ ತನಕ ಹೋಗುವಷ್ಟರಲ್ಲಿ ಸುಮಿ ಮಲಗಿದ್ದಳು.

ಆದರೆ ಸಂಜೆ ಏಳರ ಅಳು ಹಾಗೇ ಉಳಿದಿತ್ತು. ಪುಸ್ತಕವನ್ನಾದರೆ ಬಿಚ್ಚಿ ಕಟ್ಟಬಹುದು, ಸಂಜೆಯನ್ನು ಕಟ್ಟುವುದು ಹೇಗೆ? ಅದನ್ನು ಶೈಲಾ ಕಟ್ಟಿದಳು. ಅಂಗಡಿಯಲ್ಲಿ ನಡೆದದ್ದನ್ನು ನನ್ನಿಂದ ಕೇಳಿ ತಿಳಿದಿದ್ದ ಅವಳು, ಮಾರನೆಯ ಸಂಜೆ ಬ್ಯಾಗು ಹಾಕಿಕೊಂಡು ಹೊರಟು, ಆಟೋದ ತನಕ ಹೋಗಿ, ತಿರುಗಿ ಒಳಗೆ ಬಂದು ಸುಮಿಯ ಮುಂದೆ ಕುಳಿತಳು.

"ಬಂದೆ ನೋಡವಾ. ಇನ್ನ ನಾ ಅಡಕೋತೀನಿ. ಮುಂಜಾನಿ ಹುಡುಕು, ಹಾಂ?"

ಸುಮಿ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ರೇಗಿದ್ದು ನನ್ನ ಅವ್ವ. ಬಾಗಿಲು ದಾಟಿದವರು ತಿರುಗಿ ಒಳಗೆ ಬರಬಾರದು ಎಂಬುದು ಅವಳ ಕಟ್ಟುನಿಟ್ಟು. ಛತ್ರಿ ಮರೆತರೂ ಹೊರಗೇ ನಿಂತು ಕೇಳಬೇಕು. "ಹೊಂಟಾಕಿ ಹೊಳ್ಳಿ ಬಂದ್ರ ಕೆಲಸ ಕೆಡತೈತಿ" ಎಂದು ಗೊಣಗುತ್ತ, ದೋಷ ಕಳೆಯಲಿ ಎಂದು ಸೊಸೆಗೆ ಒಂದು ವಾಟೆ ನೀರು ಕುಡಿಸಿ ಕಳಿಸಿದಳು. ದಿನವೂ ಗೊಣಗಿದಳು, ದಿನವೂ ನೀರು ಕೊಟ್ಟಳು.

ತಿಂಗಳು ಮುಗಿಯಲು ಎರಡು ದಿನವಿತ್ತು. ಅಂದು ಶೈಲಾಗೆ ತಡವಾಗಿತ್ತು, ಆಟೋದವನು ಹಾರ್ನ್ ಬಾರಿಸುತ್ತಿದ್ದ. ಅವಸರದಲ್ಲಿ ತಿರುಗಿ ಒಳಗೆ ಬರುವುದನ್ನು ಮರೆತು ಹತ್ತಿ ಕುಳಿತೇಬಿಟ್ಟಳು. ಸುಮಿ ಅಳಲಿಲ್ಲ, ಹೊಸ್ತಿಲ ಮೇಲೆ ನಿಂತು ಓಣಿ ನೋಡುತ್ತಿದ್ದಳು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದು, ನನ್ನನ್ನು ದೂಡಿ, ಓಣಿಯಲ್ಲಿ ನಿಂತು ಕೂಗಿದಳು:

"ಏ ಶೈಲಾ, ಹಂಗ ಹೋಗಬ್ಯಾಡ. ಇಳಿ ಮೊದಲ. ಒಳಗ ಬಂದು ಹೋಗು."