ಸಾವಿರದಕ್ಕ ಎಣಿಸಿದ ಕಾಳು

ಅವಳಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಭತ್ತದ ಸಂಶೋಧನಾ ಕೇಂದ್ರದಲ್ಲಿ ನಮಗೆಲ್ಲ ಅವಳು ಸಾವಿರದಕ್ಕ. ಪ್ರತಿ ತಳಿಯಿಂದ ಸಾವಿರ ಕಾಳು ಎಣಿಸುವುದು ಅವಳ ಕೆಲಸ, ತೂಗಿ ಬರೆಯುವುದು ನನ್ನದು. ಮೂವತ್ತೊಂದು ವರ್ಷ ಎದುರುಬದುರು ಕೂತಿದ್ದೇವೆ. ಮನೆಯಲ್ಲಿ ಅವಳ ಕೈಗೆ ಮೊರ ಕೊಡುತ್ತಿರಲಿಲ್ಲ. "ಅಮ್ಮ ಅಕ್ಕಿ ಆರಿಸೋಕೆ ಕೂತ್ರೆ ಎಣಿಸ್ತಾಳೆ, ಮಧ್ಯಾಹ್ನದೂಟ ಸಂಜೆಗೆ" ಅಂತ ಮಗಳ ದೂರು.

ನಮ್ಮ ಡಾಕ್ಟ್ರಿಗೆ, ಅಂದರೆ ತಳಿ ವಿಜ್ಞಾನಿಗೆ, ನಲವತ್ತೊಂದನೇ ನಂಬರಿನ ತಳಿ ಅಂದರೆ ಪ್ರಾಣ. ಕಾಳು ಅಗಲವಾಗದಂತೆ ತಡೆಯುವ ಜೀನ್ ಒಂದಿದೆಯಂತೆ. ಇದರಲ್ಲಿ ಅದು ಕೆಟ್ಟುಹೋಗಿದೆ, ಹಾಗಾಗಿ ಕಾಳು ದಪ್ಪ. ನಮ್ಮ ಕಚೇರಿಯಲ್ಲಿ ಕೆಟ್ಟು ಉಪಕಾರ ಮಾಡಿದ್ದು ಅದೊಂದೇ. ಗದ್ದೆಯಲ್ಲಿ ಆ ಗಿಡವನ್ನು ಮೊದಲು ಗುರುತಿಸಿದವಳು ಅಕ್ಕ. ಹತ್ತು ವರ್ಷ ಸಾಕಿದ್ದಾಯಿತು. ಸಾವಿರ ಕಾಳಿಗೆ ಇಪ್ಪತ್ತೊಂಬತ್ತು ಗ್ರಾಂ. ರೈತರ ಹತ್ತಿರ ಇದ್ದ ಹಳೇ ತಳಿ ಇಪ್ಪತ್ತೈದು. ಹೊಸದನ್ನು ಬಿಡುಗಡೆ ಮಾಡಲು ಸೋಮವಾರ ಸಮಿತಿ ಕೂರುವುದಿತ್ತು.

ಅದರ ಹಿಂದಿನ ಶುಕ್ರವಾರ ಎಣಿಸುವ ಯಂತ್ರ ಬಂತು. ಅದು ಎಣಿಸಿಕೊಟ್ಟ ನಲವತ್ತೊಂದರ ಸಾವಿರ ಕಾಳು ತೂಗಿದರೆ ಇಪ್ಪತ್ತಾರು. "ಯಂತ್ರ ಸರಿಯಿಲ್ಲ" ಅಂದರು ಡಾಕ್ಟ್ರು. ನಾನೂ ಹೂಂಗುಟ್ಟಿದೆ, ನನ್ನ ಗಂಟೇನು ಹೋಗುತ್ತೆ? ಅಕ್ಕ ಮಾತ್ರ, ಡಾಕ್ಟ್ರು ಆಚೆ ಹೋದ ಮೇಲೆ, ಬೇರೆ ತಳಿಗಳನ್ನೂ ಯಂತ್ರಕ್ಕೆ ಹಾಕಿಸಿದಳು. ಎಲ್ಲವೂ ಅವಳ ಲೆಕ್ಕಕ್ಕೆ ಸರಿಹೋದವು. ನಲವತ್ತೊಂದು ಮಾತ್ರ ಇಲ್ಲ.

"ಕಾಳು ಬಂದಂಗೆ ತಗೋಬೇಕು. ಇದರಲ್ಲಿ ಸಣ್ಣದನ್ನ ನನ್ನ ಬೆರಳು ಪಕ್ಕಕ್ಕೆ ತಳ್ಳಿದೆ ಕಣೋ. ನಂಗೇ ಗೊತ್ತಾಗ್ದೆ" ಅಂದಳು.

"ಹೆತ್ತವರಿಗೆ ಹೆಗ್ಗಣ ಮುದ್ದು, ಬಿಡಕ್ಕ. ಇನ್ನೆಂಟು ತಿಂಗಳಿಗೆ ರಿಟೈರ್ ಆಗ್ತೀಯ. ಬಾಯಿ ಮುಚ್ಕೊಂಡಿರು."

ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಅವಳು ಎಲ್ಲ ಕೇಳಿಸಿಕೊಂಡು ಎದ್ದು ನೇರ ಡಾಕ್ಟ್ರ ಕೋಣೆಗೆ ಹೋದಳು. ಹಿಂದೆಯೇ ನಾನು.

ಕೇಳಿದ ಡಾಕ್ಟ್ರ ಮುಖ ಕಪ್ಪಿಟ್ಟಿತು. "ಹತ್ತು ವರ್ಷ ಕಣಮ್ಮಾ! ನೀನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಬಿತ್ತಿದವರಿಗೆ, ಸಾರ್."

ಡಾಕ್ಟ್ರು ಸಮಿತಿಗೆ ಕೊಡುವ ಅರ್ಜಿ ಎಳೆದುಕೊಂಡು, ಇಪ್ಪತ್ತೊಂಬತ್ತನ್ನು ಹೊಡೆದು ಇಪ್ಪತ್ತಾರು ಬರೆದರು. ಒಂದು ಗ್ರಾಂಗೋಸ್ಕರ ಹೊಸ ತಳಿ ಯಾಕೆ ಅಂತ ಸೋಮವಾರ ಸಮಿತಿ ಐದೇ ನಿಮಿಷದಲ್ಲಿ ಅದನ್ನು ಕೈಬಿಟ್ಟಿತು.

ಸುದ್ದಿ ಬಂದಾಗ ಅಕ್ಕ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ನಲವತ್ತೆರಡನೇ ನಂಬರಿನ ಚೀಲ ಬಿಚ್ಚಿದಳು.